ಕಿಸೆ ಉಬ್ಬಿದ ಅಂಗಿ

ದಾಳಿಂಬೆ ಗಿಡದ ಮುಳ್ಳಿಗೆ ದೊಡ್ಡವರು ಸಣ್ಣವರು ಅಂತ ಭೇದವಿಲ್ಲ. ಕೈ ಚಾಚಿದವರನ್ನೆಲ್ಲ ಗೀರುತ್ತದೆ. ಅದಕ್ಕೇ ತಾವರಗೇರಾ ಸುತ್ತಲಿನ ತೋಟಗಳಿಗೆ ಕೂಲಿಗೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಗಂಡನದೋ, ಮಗನದೋ, ಮೈದುನನದೋ, ಮನೆಯ ಗಂಡಸರು ಸಾಕೆಂದು ಬಿಟ್ಟದ್ದು ಯಾವುದಾದರೂ ಆದೀತು. ಒಬ್ಬಳ ಮೈಮೇಲೆ ಗಂಡನ ಮದುವೆಯ ಅಂಗಿ, ಇನ್ನೊಬ್ಬಳ ಮೈಮೇಲೆ ಬಸ್ ಕಂಡಕ್ಟರ್ ಅಣ್ಣನ ಖಾಕಿ. ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ನಗಲಿಕ್ಕೆ ಅದೇನು ಸಿಂಗಾರವೇ? ಮೈ ಉಳಿದರೆ ಸಾಕು.

ಹೊಳಿಯಮ್ಮ ಆರು ವರ್ಷ ತೊಟ್ಟದ್ದು ತನ್ನ ಗಂಡ ಹನುಮಣ್ಣನ ನೀಲಿ ಅಂಗಿ. ಹನುಮಣ್ಣ ತೀರಿಕೊಂಡ ಮೇಲೆ ಆ ಅಂಗಿ ಒಂದು ತಿಂಗಳು ಗೂಟಕ್ಕೆ ನೇತುಬಿದ್ದಿತ್ತು. ಆಮೇಲೆ ಇವಳೇ ಅದನ್ನು ತೊಟ್ಟು ಕೆಲಸಕ್ಕೆ ಹೊರಟಳು. ಕಾಲರು ಹೋಯಿತು, ಮೊಣಕೈ ಹೋಯಿತು, ತೇಪೆ ಹಾಕಿದಳು. ತೇಪೆಯ ಮೇಲೆ ತೇಪೆ ಹಾಕಿದಳು. ಕಡೆಗೊಂದು ದಿನ ಬೆನ್ನ ಮೇಲೆ ಚರ್ರನೆ ಹರಿದು, ಹೊಲಿಯೋಣವೆಂದರೆ ಸೂಜಿ ಹಿಡಿಯುವಷ್ಟು ಗಟ್ಟಿ ಬಟ್ಟೆಯೂ ಉಳಿಯಲಿಲ್ಲ. ಆವತ್ತು ಅವಳು ಟ್ರಂಕಿನ ಮುಚ್ಚಳ ಎತ್ತಿ ಮಗನ ಅಂಗಿಯನ್ನು ಹೊರಗೆ ತೆಗೆದಳು.

ಮಗ ಶರಣಬಸವ ಮಿಲಿಟರಿ ಸೇರಿ ಒಂಬತ್ತು ವರ್ಷವಾಗಿತ್ತು. ಹೋದ ಸಲ ರಜೆಗೆ ಬಂದಾಗ ತನ್ನದೊಂದು ಹಳೆಯ ಅಂಗಿಯನ್ನು, ಹಸಿರು ಕಂದು ಮಚ್ಚೆಗಳ ಆ ಕಾಡುಬಣ್ಣದ ಅಂಗಿಯನ್ನು, ಟ್ರಂಕಿನಲ್ಲಿ ತುರುಕಿ ಹೋಗಿದ್ದ. ತೊಟ್ಟುಕೋ ಎಂದಿರಲಿಲ್ಲ, ಮುಟ್ಟಬೇಡ ಎಂದೂ ಹೇಳಿರಲಿಲ್ಲ. ಎದೆಯ ಬಲಕ್ಕೆ ಕಿಸೆಯ ಮೇಲೆ ಅವನ ಹೆಸರಿನ ಪಟ್ಟಿ ಹೊಲಿದಿತ್ತು. ಹೊಳಿಯಮ್ಮನಿಗೆ ಓದಲು ಬಾರದು. ಆದರೆ ಅದು ಮಗನ ಹೆಸರೆಂದು ಗೊತ್ತಿತ್ತು. ಅದನ್ನು ಬಿಚ್ಚಿ ತೆಗೆದು ತೊಡಬಹುದಿತ್ತು, ಕತ್ತರಿಯೂ ಕೈಯಲ್ಲಿತ್ತು. ಹೆತ್ತ ಮಗನ ಹೆಸರಿಗೆ ಕತ್ತರಿ ಹಾಕುವುದೆಂದರೇನು? ಹಾಗೇ ತೊಟ್ಟಳು.

ಅಬ್ಬಾ, ಅಂಗಿಯೆಂದರೆ ಅದು! ಮುಳ್ಳು ತಾಗಿದರೆ ಮುಳ್ಳೇ ಮುರಿಯುತ್ತಿತ್ತು. ಮಣ್ಣು ಬಿದ್ದರೆ ಕಾಣುತ್ತಿರಲಿಲ್ಲ, ಔಷಧದ ನೀರು ಸಿಡಿದರೂ ಕಾಣುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ಎರಡು ಕಿಸೆ, ಕಿಸೆಗಳಿಗೆ ಮುಚ್ಚಳ, ಮುಚ್ಚಳಕ್ಕೆ ಗುಂಡಿ. ಐವತ್ತೆರಡು ವರ್ಷ ಸೀರೆಯ ಸೆರಗಿನ ಗಂಟನ್ನೇ ನಂಬಿ ಬದುಕಿದ ಹೆಂಗಸು ಹೊಳಿಯಮ್ಮ. ಗಂಟು ಬಿಚ್ಚಿ ಅವಳು ಕಳೆದುಕೊಂಡ ಎಲೆ ಅಡಿಕೆ, ಬೀಗದ ಕೈಗಳಿಗೆ ಲೆಕ್ಕವಿಲ್ಲ. ಈಗ ಬಲಗಿಸೆಯಲ್ಲಿ ಎಲೆ ಅಡಿಕೆಯ ಚೀಲ, ಎಡಗಿಸೆಯಲ್ಲಿ ಫೋನು. ಎಷ್ಟು ಬಗ್ಗಿದರೂ ಒಂದೂ ಬೀಳುತ್ತಿರಲಿಲ್ಲ. ಸಾಲಿನಲ್ಲಿ ಪಕ್ಕಕ್ಕಿರುತ್ತಿದ್ದ ಹೇಮಾವತಿಗೆ ಅವಳು ದಿನಕ್ಕೆ ನಾಲ್ಕು ಸಲವಾದರೂ ಆ ಗುಂಡಿ ಹಾಕಿ ತೆಗೆದು ತೋರಿಸುತ್ತಿದ್ದಳು.

"ಸಾಕ್ ಬಿಡ ಹೊಳಿಯಕ್ಕ, ನೋಡೇನಿ," ಎನ್ನುತ್ತಿದ್ದಳು ಹೇಮಾವತಿ. "ನಿನ್ನ ಕಿಸೆ ನೋಡೂದ್ರಾಗ ನನ್ನ ಸಾಲು ಹಿಂದ ಬಿತ್ತು."

ಗರ್ವವಿತ್ತು ಅವಳಿಗೆ, ಇಲ್ಲವೆಂದು ಯಾಕೆ ಹೇಳಬೇಕು? ಮಗ ಕೊಟ್ಟಷ್ಟೇ ಗಟ್ಟಿ ಧೈರ್ಯ ಆ ಅಂಗಿಯೂ ಕೊಟ್ಟಿತ್ತು.

ತೋಟದ ಯಜಮಾನರ ಸೊಸೆ ಭವಾನಿ ಒಂದು ಮಧ್ಯಾಹ್ನ ಬಂದವಳು, ಸೀರೆಯ ಮೇಲೆ ಮಿಲಿಟರಿ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ, ಬುಟ್ಟಿ ತುಂಬ ದಾಳಿಂಬೆ ಹೊತ್ತು ನಿಂತ ಹೊಳಿಯಮ್ಮನ ಫೋಟೊ ಹೊಡೆದು, 'ನಮ್ಮ ತೋಟದ ಫೌಜು' ಎಂದು ಬರೆದು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಳು. ಪಾಪ, ಅವಳದೇನೂ ತಪ್ಪಿಲ್ಲ. ಫೋಟೊ ಚೆನ್ನಾಗಿಯೇ ಬಂದಿತ್ತು. ಆದರೆ ಅದನ್ನು ನೋಡಿದ ಐವತ್ತು ಜನರಲ್ಲಿ ನಿವೃತ್ತ ಹವಾಲ್ದಾರ ಪಂಪಾಪತಿಯೂ ಒಬ್ಬನಾಗಿದ್ದ.

ಪಂಪಾಪತಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಫೌಜು ಬಿಟ್ಟು ಹನ್ನೊಂದು ವರ್ಷವಾದರೂ ಅವನ ಪ್ಯಾಂಟಿನ ಇಸ್ತ್ರಿಯ ಗೆರೆ ಒಂದು ದಿನವೂ ಮಾಸಿದ್ದಿಲ್ಲ. ಆಗಸ್ಟ್ ಹದಿನೈದಕ್ಕೆ ಶಾಲೆಗೆ ಬರುವಾಗ ಕಪ್ಪು ಕೋಟು, ಕೋಟಿನ ಮೇಲೆ ಪದಕಗಳು, ತಲೆಗೆ ಬೆರೆ ಟೋಪಿ. ಬಸ್ಸು ಖಾಲಿ ಇದ್ದರೂ ಕೂರುವುದಿಲ್ಲ, ಕುಳಿತರೆ ಗೆರೆ ಹಾಳಾಗುತ್ತದೆಂದು ಕಂಬಿ ಹಿಡಿದು ನಿಂತೇ ಬರುತ್ತಾನೆ. ಹುಡುಗರ ಸಾಲಿನಲ್ಲಿ ಯಾರ ಗುಂಡಿ ಬಿಚ್ಚಿದೆ, ಯಾರ ಸಾಕ್ಸು ಇಳಿದಿದೆ ಎಂದು ಧ್ವಜ ಏರುವ ಮುನ್ನವೇ ನೋಡಿ ಮುಗಿಸುತ್ತಾನೆ. ಕೆಟ್ಟವನಲ್ಲ. ಅವನ ಪ್ರಾಣ ಮಾತ್ರ ಬಟ್ಟೆಯಲ್ಲಿದೆ.

ಮರುದಿನ ಅವನ ಬೈಕು ತೋಟದ ಬದುವಿನ ಮೇಲೆ ಬಂದು ನಿಂತಿತು.

"ಏ ಹೊಳಿಯವ್ವ! ಯಾರ ಅಂಗಿ ಅದು?"

"ನನ್ನ ಮಗಂದ್ರೀ ಹವಾಲ್ದಾರ್ರ."

"ನಿನ್ನ ಮಗಂದಲ್ಲವಾ ಅದು, ಸರ್ಕಾರದ್ದು! ಸಿವಿಲಿಯನ್ ಮಂದಿ ಅದನ್ನ ಹಾಕ್ಕೊಬಾರ್ದು ಅಂತ ಕಾಯ್ದೇನ ಐತಿ. ಮ್ಯಾಲೆ ಹೆಸರಿನ ಪಟ್ಟಿನೂ ಹಂಗ ಇಟ್ಟಿಯಲ್ಲ! ಮತ್ತ ಆ ಕಿಸೇದಾಗ ಏನ್ ತುರುಕಿದಿ ಅಂತೀನಿ? ಹೆಂಗ ಉಬ್ಬೈತಿ ನೋಡು!"

"ಎಲಿ ಅಡಿಕಿರೀ."

"ಎಲಿ ಅಡಿಕಿ!" ಪಂಪಾಪತಿ ಹಣೆ ಚಚ್ಚಿಕೊಂಡ. ಕಾಯ್ದೆ ಮುರಿದದ್ದಕ್ಕಿಂತ ಕಿಸೆ ಉಬ್ಬಿದ್ದೇ ಅವನಿಗೆ ಹೆಚ್ಚು ನೋವು ಕೊಟ್ಟಹಾಗೆ ಕಂಡಿತು. "ಫೌಜಿನ ಕಿಸೇದಾಗ ಎಲಿ ಅಡಿಕಿ! ನಿನ್ನ ಫೋಟೊ ನಮ್ಮ ಮಾಜಿ ಸೈನಿಕರ ಗ್ರೂಪಿನಾಗ ಬಂದೈತಿ, ಗೊತ್ತೈತೇನು? ಅಲ್ಲಿಂದ ನಿನ್ನ ಮಗನ ಪಲ್ಟನ್ನಿಗೆ ಹೋಗಾಕ ಎಷ್ಟೊತ್ತು? ಅವನ್ನ ನಿಲ್ಲಿಸಿ ಕೇಳ್ತಾರ. ಕೋರ್ಟ್ ಮಾರ್ಷಲ್ ಅಂದ್ರೇನು ಗೊತ್ತೈತೇನು ನಿನಗ? ನೌಕರಿ ಹೋಕ್ಕೈತಿ, ನೌಕರಿ!"

ಹೊಳಿಯಮ್ಮನ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತೊಂದೇ. ನಿಂತಲ್ಲೇ ಅಂಗಿ ಬಿಚ್ಚಿದಳು. ಉಳಿದ ಅರ್ಧ ದಿನ ಬರಿಗೈಯಲ್ಲೇ ಹಣ್ಣು ಕೊಯ್ದಳು, ಮೊಣಕೈವರೆಗೆ ಮುಳ್ಳು ಗೀರಿದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಅಂದಿನಿಂದ ಶುರುವಾಯಿತು ನೋಡಿ ಒದ್ದಾಟ. ಅವಳ ಯೋಚನೆ ಸರಳವಾಗಿತ್ತು: ಅಂಗಿಯನ್ನು ಮೊದಲಿದ್ದ ಹಾಗೆ ಮಾಡಿ ಟ್ರಂಕಿನಲ್ಲಿ ಇಟ್ಟುಬಿಟ್ಟರೆ, ಕೇಳಲು ಬಂದವರಿಗೆ ತೆಗೆದು ತೋರಿಸಬಹುದು. ತೊಟ್ಟಿದ್ದೆ, ತೊಳೆದಿಟ್ಟಿದ್ದೇನೆ, ಮಗನನ್ನು ಬಿಡಿ ಎನ್ನಬಹುದು. ಆದರೆ ದಾಳಿಂಬೆಯ ಕಲೆ ಬಿಡುವ ಜಾತಿಯದೇ? ಸೋಡಾ ಹಾಕಿದಳು, ನಿಂಬೆಹಣ್ಣು ಉಜ್ಜಿದಳು, ಕಲ್ಲಿಗೆ ಬಡಿದು ಬಡಿದು ಭುಜ ನೋಯಿಸಿಕೊಂಡಳು. ಕಾಡುಬಣ್ಣದ ಮೇಲೆ ಇಷ್ಟು ದಿನ ಕಾಣದೆ ಕುಳಿತಿದ್ದ ಕಲೆಗಳೆಲ್ಲ ತೊಳೆದಷ್ಟೂ ಎದ್ದು ಬಂದವು.

ಮೂರನೆಯ ದಿನ ಮಗನ ಫೋನು ಬಂತು. "ಅವ್ವಾ, ರಜಾ ಸಿಕ್ಕೈತಿ. ಸೋಮವಾರ ಬರ್ತೀನಿ. ಬಂದ ಮ್ಯಾಲ ಆ ಅಂಗಿ ಬಗ್ಗೆ ಒಂದೀಟು ಮಾತಾಡೂದೈತಿ," ಎಂದ. ಇವಳು ಏನೆಂದು ಕೇಳುವಷ್ಟರಲ್ಲಿ ಸಿಗ್ನಲ್ಲು ಹೋಯಿತು.

ರಜೆಯ ಕಾಲವಲ್ಲ ಅದು. ಅವನು ಬರುವುದು ಪ್ರತಿವರ್ಷ ಪಂಚಮಿ ಹಬ್ಬಕ್ಕೆ. ಈಗ ರಜೆ ಯಾಕೆ ಕೊಟ್ಟರು? ಕೊಟ್ಟದ್ದು ರಜೆಯೋ, ಮನೆಗೆ ಕಳಿಸಿಬಿಟ್ಟರೋ? ಒಂಬತ್ತು ವರ್ಷದ ಹಿಂದೆ, ಕೊಪ್ಪಳದ ಮೈದಾನದಲ್ಲಿ ಕಾಲು ಬೊಬ್ಬೆ ಬರುವಂತೆ ಓಡಿ ಓಡಿ ಅಭ್ಯಾಸ ಮಾಡಿದ ಹುಡುಗ ಅವನು. ಆ ಕಾಲುಗಳಿಗೆ ಎಣ್ಣೆ ಹಚ್ಚಿದವಳು ಇವಳೇ. ಹೊಳಿಯಮ್ಮ ಒಲೆಯ ಮುಂದೆ ಕುಳಿತು ಅತ್ತಳು. ಅಂಗಿ ತೊಟ್ಟ ನನ್ನ ಕೈ ಮುರಿಯಲಿ ಎಂದು ತನಗೆ ತಾನೇ ಶಾಪ ಹಾಕಿಕೊಂಡಳು.

ಅಳು ಕೇಳಿ ಪಕ್ಕದ ಮನೆಯಿಂದ ಬಂದ ಹೇಮಾವತಿ ಒಂದು ಉಪಾಯ ಹೇಳಿದಳು. "ಕಲೆ ಹೋಗಂಗಿಲ್ಲ ಅಂದ್ರ ಬಿಡ ಅಕ್ಕ. ಇಡೀ ಅಂಗೀನ ಕಲೆ ಬಣ್ಣ ಮಾಡಿಬಿಡೂನು. ದಾಳಿಂಬಿ ಸಿಪ್ಪಿ ಕುದಿಸಿ ಅದ್ದಿದ್ರ ಆತು, ಎಲ್ಲಾ ಒಂದ ಬಣ್ಣ ಬರ್ತೈತಿ. ನಮ್ಮವ್ವ ಕೌದಿ ಬಟ್ಟಿಗೆ ಹಿಂಗ ಮಾಡ್ತಿದ್ಲು."

ಭಯಪಟ್ಟವರಿಗೆ ಯಾವ ಉಪಾಯವೂ ಒಳ್ಳೆಯದೇ ಅನ್ನಿಸುತ್ತದೆ. ಇಬ್ಬರೂ ಸೇರಿ ಸಿಪ್ಪೆ ಕುದಿಸಿದರು. ಕುದಿಸಿದ್ದು ಯಾವುದರಲ್ಲಿ? ಕಬ್ಬಿಣದ ಕಡಾಯಿಯಲ್ಲಿ. ಹೇಮಾವತಿಯ ಅವ್ವ ಮಣ್ಣಿನ ಗಡಿಗೆಯಲ್ಲಿ ಮಾಡುತ್ತಿದ್ದಳೆಂಬುದು ಅವಳಿಗೆ ಆಮೇಲೆ ನೆನಪಾಯಿತು. ಕಬ್ಬಿಣಕ್ಕೂ ದಾಳಿಂಬೆ ಸಿಪ್ಪೆಗೂ ಏನು ಹಗೆಯೋ ಏನು ನೆಂಟಸ್ತಿಕೆಯೋ, ಅಂಗಿ ಹೊರಗೆ ಬಂದಾಗ ಹಸಿರೂ ಇರಲಿಲ್ಲ, ಕಂದೂ ಇರಲಿಲ್ಲ. ಒಲೆಯ ಬೂದಿಗೆ ಮಸಿ ಕಲಸಿದರೆ ಯಾವ ಬಣ್ಣವೋ ಆ ಬಣ್ಣ. ಹೆಸರಿನ ಪಟ್ಟಿಯ ಅಕ್ಷರಗಳು ಮಾತ್ರ ಮಂಕಾಗಿ ಕಾಣುತ್ತಿದ್ದವು.

"ಕಲೆ ಹೋದ್ವು ನೋಡ," ಎಂದಳು ಹೇಮಾವತಿ, ಸಣ್ಣ ದನಿಯಲ್ಲಿ.

"ಕಲೆ ಏನ, ಅಂಗೀನ ಹೋತಲ್ಲ ಯವ್ವಾ!" ಎಂದು ಹೊಳಿಯಮ್ಮ ನೆಲದ ಮೇಲೆ ಕುಸಿದಳು.

ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಶರಣಬಸವ ಬಂದಿಳಿದ. ಬಾಗಿಲಲ್ಲಿ ನಿಂತಿದ್ದ ಹೊಳಿಯಮ್ಮ ಅವನ ಮುಖ ನೋಡಲಿಲ್ಲ, ಬಟ್ಟೆ ನೋಡಿದಳು. ಜೀನ್ಸ್ ಪ್ಯಾಂಟು, ಹಳದಿ ಟೀ ಶರ್ಟು, ಕಾಲಿಗೆ ಚಪ್ಪಲಿ. ಫೌಜಿನದೆನ್ನುವ ಒಂದು ದಾರವೂ ಮೈಮೇಲೆ ಇರಲಿಲ್ಲ.  ಮುಗಿಯಿತು, ಬಟ್ಟೆ ಕಸಿದುಕೊಂಡು ಕಳಿಸಿದ್ದಾರೆ!

"ಡ್ರೆಸ್ಸು ಎಲ್ಲೈತೋ ಮಗನ?" ಎಂದಳು. ನೀರು ಕೊಡುವುದೂ ಮರೆತುಹೋಗಿತ್ತು.

"ಚೀಲದಾಗೈತಿ ಅವ್ವಾ. ದಾರ್ಯಾಗ ಹಾಕ್ಕೊಂಡು ತಿರುಗಾಡಬ್ಯಾಡ್ರಿ ಅಂದಾರ. ಮ್ಯಾಲೆ ಈ ಬಿಸಲಾಗ ಆ ಬೂಟು ಹಾಕ್ಕೊಂಡು ಎರಡು ದಿನ ರೈಲಿನಾಗ ಕುಂಡ್ರಾಕ ನನಗೇನು ಹುಚ್ಚೇನು?"

"ಅಂದ್ರ ನೌಕರಿ ಐತಿ?"

"ಯಾವ ನೌಕರಿ?"

"ನಿಂದೋ! ನಿನ್ನ ನೌಕರಿ! ಐತೋ ಇಲ್ಲೋ?"

ಶರಣಬಸವ ಚೀಲ ಕೆಳಗಿಟ್ಟು ಅವ್ವನ ಮುಖ ನೋಡಿದ. ಆಗಲೇ ಅವನ ಕಣ್ಣಿಗೆ ಅವಳ ಕೈಯ ಗೀರುಗಳು, ಊದಿದ ಕಣ್ಣು ಎಲ್ಲ ಬಿದ್ದವು. "ಐತಿ ಅವ್ವಾ. ಯಾಕಿರಂಗಿಲ್ಲ? ಹವಾಲ್ದಾರ ಆಗಾಕ ಒಂದು ಕೋರ್ಸ್ ಐತಿ, ಮುಂದಿನ ತಿಂಗಳು ಅದಕ್ಕ ಕಳಸ್ತಾರ. ಹಬ್ಬಕ್ಕ ರಜಾ ಸಿಗಂಗಿಲ್ಲ ಅಂತ ಈಗ ಬಂದೇನಿ."

ಹೊಳಿಯಮ್ಮ ಗೋಡೆಗೆ ಕೈಯಾನಿಸಿದಳು. ಎಂಟು ದಿನದಿಂದ ಎದೆಯಲ್ಲಿ ಕುಳಿತಿದ್ದ ಕಲ್ಲು ಇಳಿಯಿತು.  ಅತ್ತಳು, ನಕ್ಕಳು, ಮತ್ತೆ ಅತ್ತಳು, ಮಗನ ಗಲ್ಲ ಸವರಿ ತನ್ನ ಹಣೆಗೆ ನೆಟಿಕೆ ಮುರಿದಳು. ಆಮೇಲೆ ನೀರು ತಂದುಕೊಟ್ಟು, ಅವನು ಕುಡಿದು ಮುಗಿಸುವ ತನಕ ಕಾದು, ಒಳಗೆ ಹೋಗಿ ಆ ಅಂಗಿಯನ್ನು ತಂದು ಅವನ ಮುಂದಿಟ್ಟಳು. ನಾಲ್ಕು ಮಡಿಕೆ ಮಡಿಚಿತ್ತು. ತಂಬಿಗೆಯಲ್ಲಿ ಕೆಂಡ ತುಂಬಿ ಇಸ್ತ್ರಿಯನ್ನೂ ಮಾಡಿದ್ದಳು.

"ತಪ್ಪಾತೋ ಮಗನ. ಬೇಕಾದ್ರ ನನ್ನ ಹೊಡಿ," ಎಂದಳು.

ಶರಣಬಸವ ಅಂಗಿಯ ಮಡಿಕೆ ಬಿಚ್ಚಿ ಹಿಡಿದ. ತಿರುಗಿಸಿದ. ಬೆಳಕಿಗೆ ಹಿಡಿದ. "ಇದೇನವ್ವಾ ಇದು? ಯಾವ ದೇಶದ ಮಿಲಿಟರಿ?" ಎಂದವನೇ ನಗಲು ಶುರುಮಾಡಿದ. ನಿಂತು ನಕ್ಕ, ಕುಳಿತು ನಕ್ಕ, ಕಣ್ಣಲ್ಲಿ ನೀರು ಬಂದಿತು. ಅವಳು ಸೋಡಾ, ನಿಂಬೆಹಣ್ಣು, ಕಡಾಯಿಯ ಕಥೆ ಹೇಳಿದಷ್ಟೂ ಅವನ ನಗು ಹೆಚ್ಚಿತು.

ಅಷ್ಟರಲ್ಲಿ ಹೊರಗೆ ಬೈಕಿನ ಸದ್ದಾಯಿತು. ಪಂಪಾಪತಿ! ಶರಣಬಸವ ಬಂದ ಸುದ್ದಿ ಬಸ್ ಸ್ಟ್ಯಾಂಡಿನಿಂದಲೇ ಅವನಿಗೆ ಮುಟ್ಟಿತ್ತು. ಅಷ್ಟು ಬಿಸಿಲಿನಲ್ಲೂ ಕಪ್ಪು ಕೋಟು ತೊಟ್ಟು ಬಂದಿದ್ದ, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಶರಣಬಸವ ಎದ್ದು ಕಾಲಿಗೆ ನಮಸ್ಕರಿಸಿ ಕುರ್ಚಿ ಕೊಟ್ಟ. ಪಂಪಾಪತಿ ಪ್ಯಾಂಟಿನ ಗೆರೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, ಕುರ್ಚಿಯ ಅಂಚಿನಲ್ಲಿ ಕುಳಿತ.

"ಏನಾತಪಾ? ಮ್ಯಾಲಿನವರು ಏನಂದ್ರು?" ಎಂದ. ಅವನ ದನಿಯಲ್ಲೂ ಒಂದಿಷ್ಟು ಅಳುಕಿತ್ತು.

"ಏನಿಲ್ಲ ಕಾಕಾ. ನಿಮ್ಮ ಗ್ರೂಪಿನಿಂದ ಹತ್ತು ಗ್ರೂಪಿಗೆ ಹೋಗಿ ಫೋಟೊ ನಮ್ಮ ಸುಬೇದಾರ್ ಸಾಹೇಬ್ರಿಗೆ ಬಂದಿತ್ತು. ನೀವ ಹಾಕಿದ್ರಂತಲ್ಲ?"

"ನಾ ಬರೇ ಕಾಯ್ದೆ ಹೇಳಾಕ ಹಾಕಿದ್ನಿ," ಎಂದ ಪಂಪಾಪತಿ, ನೆಲ ನೋಡುತ್ತ. "ಅಲ್ಲೀ ಮಟಾ ಹೋಕ್ಕೈತಿ ಅಂತ ತಿಳಿದಿದ್ದಿಲ್ಲ ನೋಡು. ನಾನೂ ಈ ಎಂಟು ದಿನ ಸರಿಯಾಗಿ ಉಂಡಿಲ್ಲ."

"ಸಾಹೇಬ್ರು ಕರದು ಕೇಳಿದ್ರು, ಯಾರಿವರು ಅಂತ. ನಮ್ಮವ್ವ ಅಂದೆ. ಸೈನಿಕ ಅಂತ ಮಂದಿಗೆ ಮೋಸ ಮಾಡಾಕ ಹಾಕ್ಕೊಂಡ್ರ ಅದು ತಪ್ಪು. ಸೀರಿ ಮ್ಯಾಲ ಹಾಕ್ಕೊಂಡು ದಾಳಿಂಬಿ ಹೊತ್ತಾಕಿನ್ನ ಯಾರು ಸೈನಿಕ ಅಂತಾರ ಅಂತ ಅವರ ನಕ್ಕರು. ತಪ್ಪು ನಿಂದು ಅಂದ್ರು ನನಗ. ಅಂಗಿ ಮನಿಗೆ ಬಿಡೂಮುಂದ ಹೆಸರಿನ ಪಟ್ಟಿ ಬಿಚ್ಚಬೇಕಿತ್ತು, ನಾ ಆಲಸ್ಯ ಮಾಡಿದ್ನಿ. ಅದಕ್ಕ ಬೆನ್ನಿಗೆ ಚೀಲ ಕಟ್ಟಿ ಮೈದಾನದ ಸುತ್ತ ಐದು ಸುತ್ತು ಓಡಿಸಿದ್ರು."

"ಅಯ್ಯ, ನನ್ನ ಸಲುವಾಗಿ ಓಡಿದ್ಯಾ?" ಹೊಳಿಯಮ್ಮ ಮತ್ತೆ ಸೆರಗಿಗೆ ಕೈಹಾಕಿದಳು.

"ದಿನಾ ಓಡ್ತೀನವ್ವಾ, ಅದೇನು ಹೊಸಾದಲ್ಲ. ಅಂಗೀನೂ ದೊಡ್ಡದೇನಲ್ಲ. ಅದು ಹಳೇ ನಮೂನೆ, ಈಗ ಹೊಸಾದು ಬಂದೈತಿ. ಅಂಥಾ ಹಳೇವು ನಮ್ಮಲ್ಲಿ ಎಷ್ಟ ಬಿದ್ದಾವು. ನಾವು ಅವುನ್ನ ಹರದು ಟ್ರಕ್ ಒರಸ್ತೀವಿ."

 ಆಮೇಲೆ ಹೊಳಿಯಮ್ಮನ ದನಿ ಏರಿತು ನೋಡಿ! "ಟ್ರಕ್ ಒರಸ್ತೀರಿ? ನಾನು ಎಂಟು ದಿನ ಅನ್ನ ನೀರು ಬಿಟ್ಟು, ಕಲ್ಲಿಗೆ ಬಡದು ಭುಜ ಮುರಕೊಂಡು, ದೇವರಿಗೆಲ್ಲಾ ಹರಕಿ ಹೊತ್ತು ಕುಂತೇನಿ! ನೀನು ಟ್ರಕ್ ಒರಸ್ತೀನಿ ಅಂತೀಯಲ್ಲ, ನಿನ್ನ ನಾಲಿಗಿ ಮ್ಯಾಲ ಸುಣ್ಣಾ ಹಾಕ! ಇಂಥಾ ಗಟ್ಟಿ ಅರಿವೀನ ಯಾರರ ಹರೀತಾರನು?" ಪಕ್ಕದಲ್ಲಿದ್ದ ಪಂಪಾಪತಿಯನ್ನೂ ಬಿಡಲಿಲ್ಲ. "ನೀವೂ ಅಷ್ಟರೀ ಹವಾಲ್ದಾರ್ರ! ಎದಿ ಒಡಸಿಬಿಟ್ರಲ್ಲ ನನ್ನ!"

ಬೈಯುತ್ತ ಬೈಯುತ್ತ ಅವಳ ಮೈ ಹಗುರಾಯಿತು. ಬೈಸಿಕೊಂಡ ಇಬ್ಬರಿಗೂ ಹಾಗೇ ಆಗಿರಬೇಕು, ಇಬ್ಬರೂ ತಲೆ ತಗ್ಗಿಸಿ ನಗುತ್ತಿದ್ದರು.

"ಅವ್ವಾ, ಸಾಹೇಬ್ರು ಇನ್ನೊಂದು ಕೇಳ್ಯಾರ," ಎಂದ ಶರಣಬಸವ. "ಆ ಕಿಸೇದಾಗ ಅಷ್ಟು ಉಬ್ಬೈತಲ್ಲ, ಏನಿಟ್ಟಾರ ಅಂತ."

"ಎಲಿ ಅಡಿಕಿ. ಆ ಕಡೆ ಫೋನು. ನೀ ಏನಿಡ್ತೀಯೋ ಅದರಾಗ?"

"ಏನೂ ಇಡಂಗಿಲ್ಲ. ಉಬ್ಬಿದ್ರ ಬೈತಾರ. ಕಿಸೆ ಚಪ್ಪಟೆನ ಇರಬೇಕು. ಒಂಬತ್ತು ವರ್ಷದಾಗ ಒಂದು ಸಲನೂ ಏನೂ ಇಟ್ಟಿಲ್ಲ."

"ಹಂಗಾದ್ರ ಹೊಲದದ್ದು ಎದಕ್ಕ?"

ಮಗ ಪಂಪಾಪತಿಯ ಮುಖ ನೋಡಿದ. ಪಂಪಾಪತಿ ಕೋಟಿನ ಗುಂಡಿ ಬಿಚ್ಚಿ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.  "ನಾ ಒಂದ ಸಲ ಇಟ್ಟಿದ್ನಿ," ಎಂದ ಕಡೆಗೆ. "ಹಿಮದಾಗ ಕಾವಲಿದ್ದಾಗ, ಹುರದ ಶೇಂಗಾ. ಸಾಹೇಬ ಬಂದು ಕಿಸೆ ಮುಟ್ಟಿ ನೋಡಿದ. ಏಳು ದಿನ ಸಂಡಾಸು ತೊಳಿಸಿದ್ರು. ಊರಾಗ ಯಾರಿಗೂ ಹೇಳಿಲ್ಲ ಇದನ್ನ." ಹೊಳಿಯಮ್ಮ ನಕ್ಕದ್ದು ಬೀದಿಯ ತನಕ ಕೇಳಿಸಿತು.

ಊಟವಾದ ಮೇಲೆ ಶರಣಬಸವ ಬ್ಲೇಡು ತೆಗೆದುಕೊಂಡು ಹೆಸರಿನ ಪಟ್ಟಿಯ ಹೊಲಿಗೆಯನ್ನು ಒಂದೊಂದೇ ಬಿಚ್ಚಿದ. ದಪ್ಪ ಪಟ್ಟಿ, ಒತ್ತೊತ್ತಾದ ಹೊಲಿಗೆ. ಸಿಪ್ಪೆಯ ಬಣ್ಣ ಅದರ ಕೆಳಗೆ ಪೂರ್ತಿ ಇಳಿದಿರಲಿಲ್ಲ. ಎರಡು ಬೆರಳಗಲದಷ್ಟು ಜಾಗದಲ್ಲಿ ಹಳೆಯ ಹಸಿರು ಹಾಗೇ ಉಳಿದಿತ್ತು.

"ಅಪ್ಪನ ನೀಲಿ ಅಂಗಿ ಏನಾತವ್ವಾ?" ಎಂದು ಕೇಳಿದ, ತಲೆಯೆತ್ತದೆ.

"ಹರೀತೋ. ಅದಕ್ಕ ನಿಂದು ತಗೊಂಡ್ನಿ."

ಅವನು ಉಳಿದ ದಾರದ ತುಣುಕುಗಳನ್ನು ಕಿತ್ತು ತೆಗೆದ. ಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟ. "ಇದು ಮ್ಯಾಲ ಕಾಣಬಾರ್ದು, ಅಷ್ಟ. ಉಳಿದದ್ದು ಬರೇ ಅರಿವಿ. ಹಾಕ್ಕೊ, ಕೈ ಗೀರಿಸ್ಕೊಬ್ಯಾಡ."

ಶರಣಬಸವ ಮರಳಿ ಹೋದ ಮೇಲೆ ಹೊಳಿಯಮ್ಮ ಆ ಬೂದಿಬಣ್ಣದ ಅಂಗಿ ತೊಟ್ಟು ತೋಟಕ್ಕೆ ಹೋದಳು. ಎದೆಯ ಮೇಲಿನ ಆ ತುಣುಕು ಹಸಿರನ್ನು ನೋಡಿ ಹೆಂಗಸರು ಅದೇನೆಂದು ಕೇಳಿದರು. "ನನ್ನ ಮಗ ಇದ್ದ ಜಾಗ," ಎಂದಳು.

ಮಧ್ಯಾಹ್ನ ಬದುವಿನ ಮೇಲೆ ಪಂಪಾಪತಿಯ ಬೈಕು ನಿಂತಿತು. ಅವನ ಕಣ್ಣು ನೆಟ್ಟಗೆ ಅವಳ ಬಲಗಿಸೆಗೆ ಹೋಯಿತು. ಹಿಂದಿಗಿಂತ ಹೆಚ್ಚೇ ಉಬ್ಬಿತ್ತು. ಬಾಯಿ ತೆರೆದ, ಮುಚ್ಚಿದ, ಆಮೇಲೆ ಗಂಟಲು ಸರಿಮಾಡಿಕೊಂಡು, "ಒಂದು ಎಲಿ ಐತೇನವಾ ಹೊಳಿಯವ್ವ?" ಎಂದ.

ಅವಳು ಗುಂಡಿ ಬಿಚ್ಚಿ ಚೀಲ ಹೊರಗೆಳೆದಳು. ಚೀಲದ ಜೊತೆ ಹೆಸರಿನ ಪಟ್ಟಿಯೂ ಜಾರಿ ಮಣ್ಣಿಗೆ ಬಿತ್ತು. ಪಂಪಾಪತಿ ಬೈಕಿನಿಂದ ಇಳಿದ. ಪ್ಯಾಂಟಿನ ಗೆರೆಯ ಗೊಡವೆ ಬಿಟ್ಟು ಮಣ್ಣಿನಲ್ಲಿ ಮೊಣಕಾಲೂರಿ ಅದನ್ನು ಎತ್ತಿಕೊಂಡ, ಊದಿ ಧೂಳು ತೆಗೆದು ಅವಳ ಕೈಗೆ ಕೊಟ್ಟ.

"ಒಳಗ ಇಡು. ಗುಂಡಿ ಹಾಕ್ಕೊ," ಎಂದ. "ಬಿದ್ದೀತು."